ತುಪ್ಪದ ಉಪವಾಸ

ನಾನು ಕುಡಿಯುವುದಿಲ್ಲ. ಈ ಮಾತನ್ನು ಮೊದಲ ಸಾಲಿನಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಕಳೆದ ಆಗಸ್ಟಿನಿಂದ ಇದನ್ನು ಒಬ್ಬ ಡಾಕ್ಟರಿಗೆ, ಒಬ್ಬ ನರ್ಸಿಗೆ, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಸ್ಕ್ಯಾನ್ ಮಾಡಿದ ಹುಡುಗಿಗೆ, ಕೊನೆಗೆ ಏನೂ ಕೇಳದೆ ತನ್ನ ಪಾಡಿಗೆ ಕೂತಿದ್ದ ರಿಸೆಪ್ಶನಿಸ್ಟಿಗೂ ಹೇಳಿ ಹೇಳಿ ನನ್ನ ನಾಲಿಗೆ ಒಣಗಿದೆ. ಎಲ್ಲರೂ "ಖಂಡಿತ, ಖಂಡಿತ" ಎಂದು ತಲೆಯಾಡಿಸಿದರು. ಆ ತಲೆಯಾಟದಲ್ಲಿ ನಂಬಿಕೆ ಮಾತ್ರ ಒಂದು ಹನಿಯೂ ಇರಲಿಲ್ಲ.

ನನ್ನ ಹೆಸರು ಹಾಲಪ್ಪ. ಹೆಸರಿನಲ್ಲೇ ಹಾಲಿದೆ, ಇನ್ನೇನು ಬೇಕು ಇವರಿಗೆ? ಹುಟ್ಟಿದ್ದು ಗದಗಿನಲ್ಲಿ, ಇಪ್ಪತ್ತಾರು ವರ್ಷದಿಂದ ಇರುವುದು ಲೀಡ್ಸ್‌ನಲ್ಲಿ. ಇಲ್ಲಿಯ ನೀರಿನ ಕಂಪನಿಯೊಂದರಲ್ಲಿ ಒಳಚರಂಡಿ ಎಂಜಿನಿಯರ್. ಮನೆಯವರು, ಹೋಟೆಲಿನವರು ಸಿಂಕಿಗೆ ಸುರಿದ ಎಣ್ಣೆ, ಬೆಣ್ಣೆ, ಜಿಡ್ಡೆಲ್ಲ ನೆಲದಡಿಯ ಕೊಳವೆಗಳಲ್ಲಿ ಹೆಪ್ಪುಗಟ್ಟಿ ಬಂಡೆಯಾಗಿ ಕೂರುತ್ತದೆ. ಅದನ್ನು ಒಡೆಸಿ ತೆಗೆಸುವುದು ನನ್ನ ಕೆಲಸ. ವರ್ಷಕ್ಕೆ ನಾಲ್ಕು ಸಲ ಹೋಟೆಲ್ ಮಾಲೀಕರನ್ನು ಕೂಡಿಸಿ, "ಕೊಬ್ಬನ್ನು ಒಳಗೆ ಬಿಡಬೇಡಿ, ಒಮ್ಮೆ ಕಟ್ಟಿತೆಂದರೆ ಕರಗುವುದಿಲ್ಲ" ಎಂದು ಪರದೆಯ ಮೇಲೆ ಚಿತ್ರ ತೋರಿಸಿ ಭಾಷಣ ಮಾಡುತ್ತೇನೆ. ಭಾಷಣ ಮುಗಿದ ಮೇಲೆ ಅವರು ಪ್ರೀತಿಯಿಂದ ಕೊಟ್ಟ ಸಮೋಸ ತಿಂದು ಬರುತ್ತೇನೆ. (ಈ ಕೊನೆಯ ವಾಕ್ಯವನ್ನು ನಮ್ಮ ಜಿಪಿಯ, ಅಂದರೆ ಬಡಾವಣೆಯ ಡಾಕ್ಟರರ, ನರ್ಸ್ ಮಾರೀನ್ ನನ್ನ ದಾಖಲೆಯಲ್ಲಿ ಬರೆದುಕೊಂಡಿದ್ದಾಳೆ.)

ಐವತ್ತು ದಾಟಿದವರಿಗೆಲ್ಲ ಮಾಡುವ ರಕ್ತಪರೀಕ್ಷೆ ನನಗೂ ಆಯಿತು. ಅದರಲ್ಲಿ ಏನೋ ಒಂದು ಅಂಕಿ ಮೇಲಿತ್ತು. ಸ್ಕ್ಯಾನ್ ಮಾಡಿದರು. ಫ್ಯಾಟಿ ಲಿವರ್ ಎಂದರು. ಮಾರೀನ್ ನನ್ನನ್ನು ಎದುರು ಕೂಡಿಸಿಕೊಂಡು ವಿಚಾರಣೆ ಶುರು ಮಾಡಿದಳು.

"ವಾರಕ್ಕೆ ಎಷ್ಟು ಯೂನಿಟ್ ಮದ್ಯ, ಲವ್?" (ಯಾರ್ಕ್‌ಷೈರಿನಲ್ಲಿ ಬಸ್ ಡ್ರೈವರ್ ಕೂಡ ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾನೆ. ನನ್ನ ಹೆಂಡತಿ ಶಕುಂತಲಾಗೆ ಇದು ಅರ್ಥವಾಗಲು ಹನ್ನೊಂದು ವರ್ಷ ಹಿಡಿಯಿತು.)

"ಸೊನ್ನೆ."

"ಕ್ರಿಸ್ಮಸ್ಸಿಗೆ?"

"ಸೊನ್ನೆ."

"ಇಲ್ಲಿ ಹೇಳಿದ್ದು ಈ ಕೋಣೆಯಿಂದ ಆಚೆ ಹೋಗುವುದಿಲ್ಲ."

"ಕೋಣೆಯ ಒಳಗೂ ಸೊನ್ನೆ, ಆಚೆಗೂ ಸೊನ್ನೆ!"

"ಪಬ್ಬಿಗೇ ಹೋಗುವುದಿಲ್ಲವೇ?"

"ಶುಕ್ರವಾರ ಶುಕ್ರವಾರ ಆಫೀಸಿನವರ ಜೊತೆ ಹೋಗುತ್ತೇನೆ. ಕಿತ್ತಳೆ ರಸ ಕುಡಿಯುತ್ತೇನೆ."

"ಎಷ್ಟು?"

"ಅವರು ಎಷ್ಟು ಪೈಂಟ್ ಬಿಯರ್ ಕುಡಿಯುತ್ತಾರೋ ನಾನು ಅಷ್ಟು ಗ್ಲಾಸ್. ನಾಲ್ಕು. ಬೇಜಾರಾದರೆ ಕೋಲಾ."

ಮಾರೀನ್ ಪೆನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು. ಹಣ್ಣಿನ ರಸದ ಸಕ್ಕರೆ, ಕೋಲಾದ ಸಕ್ಕರೆ, ಎಲ್ಲ ನೇರವಾಗಿ ಲಿವರಿಗೇ ಹೋಗಿ ಕೊಬ್ಬಾಗಿ ಕೂರುತ್ತದಂತೆ. ಇದೆಂಥ ನ್ಯಾಯ! ಇಪ್ಪತ್ತಾರು ವರ್ಷ ಬಿಯರಿನ ಸಮುದ್ರದ ನಡುವೆ ಕೂತು ಕಿತ್ತಳೆ ರಸ ಹೀರಿದವನು ನಾನು. ಆಫೀಸಿನ ಪಕ್ಕದ ಮೇಜಿನ ಸ್ಟೀವ್ ಪ್ರತಿ ಶುಕ್ರವಾರ ಆ ನಾಲ್ಕೂ ಪೈಂಟ್ ಬಿಯರನ್ನೇ ಇಳಿಸುತ್ತಾನೆ. ಅವನದೂ ಅದೇ ತಿಂಗಳು ಪರೀಕ್ಷೆಯಾಯಿತು, ಅವನ ಲಿವರ್ ಹಾಲಿನಷ್ಟು ಸ್ವಚ್ಛ. "ಬೇಗ ಗುಣವಾಗಿ ಬಾ" ಎಂದು ನನಗೆ ಕಾರ್ಡ್ ಬೇರೆ ಕೊಟ್ಟ.

ತೂಕ ನೋಡಿದಳು, ಎಂಬತ್ತೊಂದು ಕಿಲೋ. "ಸ್ಟೀವನದು ತೊಂಬತ್ತೈದು, ಅವನನ್ನು ಬಿಟ್ಟು ನನ್ನನ್ನೇಕೆ ಹಿಡಿದಿರಿ?" ಎಂದೆ. ದಕ್ಷಿಣ ಏಷ್ಯಾದವರಿಗೆ ಮಿತಿಯೇ ಬೇರೆ, ಕಡಿಮೆ ತೂಕಕ್ಕೇ ನಮಗೆ ಅಪಾಯ ಎಂದಳು. ದಪ್ಪಗಾಗುವುದರಲ್ಲೂ ನಮಗೆ ಬೇರೆ ಸಾಲು! ಔಷಧಿ ಕೇಳಿದೆ. "ಔಷಧಿ ನೀವೇ, ಲವ್" ಎಂದು ಒಂದು ಹಾಳೆ ಕೊಟ್ಟಳು. ಅನ್ನ, ಆಲೂಗಡ್ಡೆ ಕಡಿಮೆ, ಸಕ್ಕರೆ ಬೇಡ, ಹಣ್ಣಿನ ರಸ ಬೇಡ, ತುಪ್ಪ ಬೆಣ್ಣೆ ಬೇಡ. ಸೊಪ್ಪು, ಕಾಳು, ಇಡೀ ಧಾನ್ಯದ ರೊಟ್ಟಿ, ಸಕ್ಕರೆಯಿಲ್ಲದ ಕಾಫಿ, ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ. ಎಂಟು ಕಿಲೋ ಇಳಿಸಿ, ಜನವರಿಯಲ್ಲಿ ಮತ್ತೆ ಬನ್ನಿ. ಈಗ ಬಿಟ್ಟರೆ ಲಿವರಿನಲ್ಲಿ ಗಾಯದ ಕಲೆ ಬೀಳುತ್ತ ಹೋಗುತ್ತದೆ, ಆಮೇಲೆ ಅದು ವಾಪಸು ಬರುವುದು ಕಷ್ಟ. ಕೊನೆಯ ಮಾತನ್ನು ಮಾತ್ರ ಅವಳು 'ಲವ್' ಇಲ್ಲದೆ ಹೇಳಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಸೆಪ್ಟೆಂಬರಿನಲ್ಲಿ ವಿಮಾನ ಹತ್ತಲಿತ್ತು. ನನ್ನ ಅವ್ವ, ಎಪ್ಪತ್ತಾರರ ಬಸವ್ವ, ಗದಗಿನ ತಮ್ಮನ ಮನೆಯಿಂದ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬರುವವಳಿದ್ದಳು.

ನನ್ನ ಸೋದರಮಾವ, ಅವ್ವನ ಒಬ್ಬನೇ ಅಣ್ಣ, ಕುಡಿದು ಕುಡಿದು ನಲವತ್ತಾರನೇ ವಯಸ್ಸಿಗೆ ಲಿವರ್ ಕೆಟ್ಟು ತೀರಿಕೊಂಡ. ಅಂದಿನಿಂದ ನಮ್ಮ ಮನೆಯಲ್ಲಿ ಲಿವರ್ ಎಂಬ ಪದಕ್ಕೆ ಒಂದೇ ಅರ್ಥ. ನಾನು ಇಂಗ್ಲೆಂಡಿಗೆ ಹೊರಟ ದಿನ ಅವ್ವ ನನ್ನ ಕೊರಳಿನ ಲಿಂಗ ನನ್ನದೇ ಅಂಗೈಯಲ್ಲಿ ಇಡಿಸಿ, "ಮುಟ್ಟಂಗಿಲ್ಲ ಅನ್ನು" ಎಂದಳು. ಅಂದೆ. ಮುಟ್ಟಲಿಲ್ಲ. ಈಗ ಅದೇ ಅವ್ವನ ಮುಂದೆ ನಿಂತು "ನನ್ನ ಲಿವರಿನಲ್ಲಿ ತೊಂದರೆ" ಎಂದರೆ? ಇಲ್ಲಿಯ ಓದು ಬರಹ ಬಲ್ಲ ನರ್ಸೇ ನಂಬಲಿಲ್ಲ, ಅಣ್ಣನನ್ನು ಕಳೆದುಕೊಂಡ ಆ ಜೀವ ನಂಬೀತೇ? ಮಾತು ತಪ್ಪಿದ ಮಗ ಎಂದು ಅವಳು ಒಂದು ಕ್ಷಣ ಅಂದುಕೊಂಡರೂ ನನ್ನಿಂದ ತಡೆಯಲಾಗುತ್ತಿರಲಿಲ್ಲ.

"ಅತ್ತಿಯವರಿಗೆ ಹೇಳಿಬಿಡ್ರಿ, ಏನೂ ಆಗಂಗಿಲ್ಲ" ಎಂದಳು ಶಕುಂತಲಾ.

"ಸಾಧ್ಯನ ಇಲ್ಲ. ನೀನೂ ಹೇಳಂಗಿಲ್ಲ. ಆಣಿ ಮಾಡು."

"ಇನ್ನೊಂದು ಆಣೀನ?"

"ಇನ್ನೊಂದು ಅಂದ್ರ?"

"ಏನಿಲ್ಲ" ಎಂದು ಅವಳು ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ಮುಖ ಇಟ್ಟುಕೊಂಡು ಬಹಳ ಹೊತ್ತು ಏನನ್ನೋ ಹುಡುಕಿದಳು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆ, ಪಾಪ, ಗಂಡನ ಕಾಯಿಲೆ ಎಂದುಕೊಂಡೆ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಿಂದ ಅವ್ವನನ್ನು ಕರೆದುಕೊಂಡು ಹೊರಟ ಇಪ್ಪತ್ತನೇ ನಿಮಿಷಕ್ಕೆ, ಎಂ-ಅರವತ್ತೆರಡು ಹೆದ್ದಾರಿಯ ಮೇಲೆ ಕಾರು ಓಡುತ್ತಿರುವಾಗಲೇ, ಅವ್ವ ಚೀಲ ಬಿಚ್ಚಿ ಕರದಂಟಿನ ಡಬ್ಬಿ ತೆಗೆದಳು. ಬೆಲ್ಲ, ತುಪ್ಪ, ಅಂಟು, ಒಣಕೊಬ್ಬರಿ, ಗೋಡಂಬಿ. ಕಾರಿನ ತುಂಬ ಘಮಘಮ.

"ಬಾಯಿ ತಗಿ, ತಮ್ಮಾ."

ಬೇಡ ಎನ್ನಲು ನಮ್ಮ ಕಡೆ ಎರಡೇ ಕಾರಣ ನಡೆಯುತ್ತವೆ, ಒಂದು ಕಾಯಿಲೆ, ಇನ್ನೊಂದು ವ್ರತ. ಹೊಟ್ಟೆ ತುಂಬಿದೆ ಎನ್ನುವುದನ್ನು ಯಾರೂ ಕಾರಣವೆಂದು ಪರಿಗಣಿಸುವುದಿಲ್ಲ. ಮೊದಲನೆಯದನ್ನು ಹೇಳುವಂತಿಲ್ಲ. ಹಾಗಾಗಿ ಎರಡನೆಯದು ನನ್ನ ಬಾಯಿಂದ ತಾನಾಗಿಯೇ ಜಾರಿತು.

"ಅವ್ವಾ, ನಾ ವ್ರತ ಹಿಡದೀನಿ. ಸೋಮವಾರದ್ದು."

"ಇವತ್ತ ಬುಧವಾರ."

"ಅದು... ದಿನಾ ಸೋಮವಾರ ಇದ್ದಂಗ ಹಿಡದೀನಿ."

ಹಿಂದಿನ ಸೀಟಿನಲ್ಲಿ ಶಕುಂತಲಾಗೆ ಕೆಮ್ಮು ಹತ್ತಿತು.

"ಎಲ್ಲೀತನ?" ಎಂದು ಅವ್ವ ಕೇಳಿದಳು.

"ಶಿವರಾತ್ರೀತನ."

ಅವ್ವ ಡಬ್ಬಿ ಮುಚ್ಚಿದಳು. ಓರೆಗಣ್ಣಿನಲ್ಲಿ ನೋಡಿದರೆ ಅವಳ ಕಣ್ಣು ತುಂಬಿತ್ತು. "ನಮ್ಮ ಮನಿತನದಾಗ ಯಾರೂ ಮಾಡಿದ್ದಿಲ್ಲ ಬಿಡು" ಎಂದಳು. ನನಗೆ ನಾಚಿಕೆಯೂ ಆಯಿತು, ಒಳಗೊಳಗೆ ಹೆಮ್ಮೆಯೂ ಆಯಿತು. ಒಂದೇ ಮಾತಿನಲ್ಲಿ ಕರದಂಟನ್ನು ಐದು ತಿಂಗಳು ದೂರವಿಟ್ಟಿದ್ದೆನಲ್ಲ! ಅನ್ನವಿಲ್ಲ, ಚಪಾತಿಯಿಲ್ಲ, ಸಿಹಿಯಿಲ್ಲ, ಮಾರೀನಳ ಹಾಳೆಗೆ ಭಸ್ಮ ಹಚ್ಚಿ ಮನೆಯೊಳಗೆ ತಂದುಬಿಟ್ಟೆ ಎಂದು ಬೀಗಿದೆ.

ಮರುದಿನ ಅವ್ವ ಅಡುಗೆಮನೆಯ ಆಡಳಿತ ವಹಿಸಿಕೊಂಡಳು. ಮೇಜಿಗೆ ಬಂದು ನೋಡುತ್ತೇನೆ, ನನ್ನ ತಟ್ಟೆಯಲ್ಲಿ ಸಾಬೂದಾಣಿ (ಸಬ್ಬಕ್ಕಿ) ಖಿಚಡಿಯ ಗುಡ್ಡ. ಮೇಲೆ ಶೇಂಗಾ ಪುಡಿ, ನಡುವೆ ಹುರಿದ ಬಟಾಟೆ, ಗುಡ್ಡದ ಸುತ್ತ ತುಪ್ಪದ ಕಾಲುವೆ. ಪಕ್ಕದಲ್ಲಿ ಬೇಯಿಸಿದ ಗೆಣಸು, ಬಾಳೆಹಣ್ಣಿನ ಸೀಕರಣಿ, ಖರ್ಜೂರ ಹಾಕಿ ಕಾಯಿಸಿದ ಹಾಲು.

"ಅವ್ವಾ, ಇದೇನಿದು?"

"ಫಲಾಹಾರ."

"ನಾ ಬರೇ ಸೌತಿಕಾಯಿ, ಸೊಪ್ಪು ತಿಂತೀನಿ."

"ಉಪವಾಸದಾಗ ಸೊಪ್ಪ? ನೀ ಮನಶ್ಯಾನೋ, ಆಡೋ?"

"ಹೆಸರುಕಾಳು?"

"ಕಾಳು ನಡಿಯಂಗಿಲ್ಲ."

"ಜ್ವಾಳದ ರೊಟ್ಟಿ?"

"ಅದು ಧಾನ್ಯ. ನಡಿಯಂಗಿಲ್ಲ."

"ಮತ್ತ ಸಕ್ಕರಿ?"

"ಸಕ್ಕರಿಗೇನಾಗೇತಿ? ಅದು ಕಾಳಲ್ಲ, ಬ್ಯಾಳಿ ಅಲ್ಲ."

"ತುಪ್ಪನರ ಬಿಡು, ಒಂದು ಹನಿ ಎಣ್ಣಿ ಹಾಕು."

"ಎಣ್ಣಿ?" ಅವ್ವ ಸೌಟು ಕೆಳಗಿಟ್ಟಳು. "ಉಪವಾಸದಾಗ ಎಣ್ಣಿ ಮುಟ್ಟತಾರನು? ತುಪ್ಪಾನ ಆಗಬೇಕು. ಇಷ್ಟೂ ಗೊತ್ತಿಲ್ಲದ ವ್ರತ ಹ್ಯಾಂಗ ಹಿಡದಿ?"

ಮಾರೀನ್ ತಿನ್ನು ಎಂದದ್ದೆಲ್ಲ ವ್ರತಕ್ಕೆ ನಿಷಿದ್ಧ. ಮಾರೀನ್ ಮುಟ್ಟಬೇಡ ಎಂದದ್ದೆಲ್ಲ ವ್ರತಕ್ಕೆ ಶ್ರೇಷ್ಠ. ಒಂದು ಪದಾರ್ಥವಾದರೂ ತಪ್ಪಿ ಆಚೆ ಈಚೆ ಆಗಬಾರದೇ? ಸುಮಾರು ಐದು ಸಾವಿರ ಮೈಲಿ ದೂರದ ಇಬ್ಬರು ಹೆಂಗಸರು ಕೂತು ಮಾತಾಡಿ ಮಾಡಿಕೊಂಡ ಒಪ್ಪಂದದಂತಿತ್ತು.

ಇನ್ನೂ ಹೊಟ್ಟೆ ಉರಿಸಿದ್ದೆಂದರೆ ಅವ್ವನ ತಟ್ಟೆ. ನನ್ನ ಎದುರಿಗೇ ಕೂತು ಅವಳು ಎರಡು ಜೋಳದ ರೊಟ್ಟಿ, ಮೆಂತೆ ಪಲ್ಯ, ಮೊಳಕೆ ಹೆಸರುಕಾಳು, ಹಸಿ ಸೌತೆಕಾಯಿ, ನೀರು ಮಜ್ಜಿಗೆ ಉಣ್ಣುತ್ತಿದ್ದಳು. ಮಾರೀನಳ ಹಾಳೆಯನ್ನೇ ಬೇಯಿಸಿ ಅವ್ವನಿಗೆ ಬಡಿಸಿದಂತೆ. ಕರದಂಟು ಕೊಟ್ಟರೆ "ನನಗ ಈಗ ಸೇರಂಗಿಲ್ಲ" ಎನ್ನುತ್ತಿದ್ದಳು. ಬೆಳಗಾದರೆ ಸೀರೆಯ ಮೇಲೆ ಸ್ವೆಟರ್, ತಲೆಗೆ ಮಂಗನ ಟೋಪಿ, ಕಾಲಿಗೆ ನನ್ನ ಮಗಳು ಪ್ರೇರಣಾಳ ಹಳೆಯ ಓಟದ ಬೂಟು ತೊಟ್ಟು ರೌಂಡೇ ಪಾರ್ಕಿನ ಕೆರೆಯನ್ನು ಎರಡು ಸುತ್ತು ಹಾಕಿ ಬರುತ್ತಿದ್ದಳು. ನಾನೂ ಬರುತ್ತೇನೆಂದು ಒಂದು ದಿನ ಬೂಟು ಕಟ್ಟಿದೆ.

"ಕುಂದ್ರು. ಉಪವಾಸದಾಗ ಬಿಸಲಾಗ ಅಡ್ಡಾಡಿದ್ರ ಚಕ್ಕರ ಬರ್ತೈತಿ."

ಲೀಡ್ಸ್‌ನಲ್ಲಿ, ಅಕ್ಟೋಬರಿನಲ್ಲಿ, ಬಿಸಿಲು! ಕಿಟಕಿಯಾಚೆ ಎದುರು ಮನೆ ಕಾಣದಷ್ಟು ಮೋಡ. ಆದರೂ ಕೂತೆ. ಕೂತವನಿಗೆ ಹಾಲು ಬಂತು.

ಶುಕ್ರವಾರದ ಕಿತ್ತಳೆ ರಸ ಬಿಟ್ಟೆ, ಅದೊಂದು ಪುಣ್ಯ. ಉಳಿದಂತೆ ಏನು ಉಪಾಯ ಮಾಡಿದರೂ ನಡೆಯಲಿಲ್ಲ. ಖಿಚಡಿಯನ್ನು ಆಫೀಸಿಗೆ ಡಬ್ಬಿಯಲ್ಲಿ ಒಯ್ದು ಬಿಸಾಡೋಣವೆಂದರೆ, ಅನ್ನದೇವರನ್ನು ಚೆಲ್ಲಲು ಕೈ ಬರಲಿಲ್ಲ. ಸ್ಟೀವನಿಗೆ ಕೊಟ್ಟೆ. ಅವನಿಗೆ ಎಷ್ಟು ರುಚಿಸಿತೆಂದರೆ ಅವನ ಹೊಗಳಿಕೆಯನ್ನು ಮನೆಗೆ ಬಂದು ಹೇಳಿ ಕೆಟ್ಟೆ. ಮರುದಿನದಿಂದ ಅವ್ವ ಎರಡು ಡಬ್ಬಿ ಕಟ್ಟಿದಳು.

ದೀಪಾವಳಿಗೆ ಗೆಳೆಯ ರಾಜಶೇಖರ ಮನೆಗೆ ಬಂದ. ಹುಬ್ಬಳ್ಳಿಯವನು, ಇಲ್ಲಿ ಹಲ್ಲಿನ ಡಾಕ್ಟರ್, ಊರಿನ ಸುದ್ದಿಯೆಲ್ಲ ಅವನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿಯೇ ಮುಂದಕ್ಕೆ ಹೋಗುವುದು. ಅವ್ವ ಅವನಿಗೆ ನನ್ನ ವ್ರತದ ಮಹಿಮೆಯನ್ನು ಅರ್ಧ ಗಂಟೆ ಬಣ್ಣಿಸಿದಳು. ಮುಂದಿನ ಭಾನುವಾರದ ಹೊತ್ತಿಗೆ ಬ್ರಾಡ್‌ಫರ್ಡ್‌ನಿಂದ ಯಾರ್ಕ್‌ವರೆಗೆ ಕನ್ನಡದ ಮನೆಗಳಿಗೆಲ್ಲ ವಿಷಯ ಮುಟ್ಟಿತ್ತು. ಜನ ನೋಡಲು ಬರತೊಡಗಿದರು. ಬರಿಗೈಯಲ್ಲಿ ಬರುವುದುಂಟೇ? ಪೇಡೆ ("ಹಾಲಿಂದು, ನಡೀತೈತಿ"), ಖರ್ಜೂರ, ಡಜನ್ ಡಜನ್ ಬಾಳೆಹಣ್ಣು. ರಾಜಶೇಖರ ಲೆಸ್ಟರಿಗೆ ಹೋದವನು ಹತ್ತು ಕಿಲೋ ಸಾಬೂದಾಣಿಯ ಮೂಟೆ ಹೊತ್ತು ತಂದ. ಮೊದಲು ಹಾಲಪ್ಪ ಎನ್ನುತ್ತಿದ್ದವನು ಈಗ ಸ್ವಾಮಿಗಳು ಎನ್ನತೊಡಗಿದ್ದ. ಚಿಕ್ಕ ಮಕ್ಕಳನ್ನು ತಂದು ನನ್ನ ಕಾಲಿಗೆ ಬೀಳಿಸಿದರು. ನಾನು ಒಳಚರಂಡಿಯ ಎಂಜಿನಿಯರ್ ಎಂಬುದನ್ನೇ ಎಲ್ಲರೂ ಮರೆತರು.

"ಇನ್ನರ ಹೇಳ್ರಿ" ಎಂದು ಶಕುಂತಲಾ ವಾರಕ್ಕೊಮ್ಮೆ ಕಿವಿಯಲ್ಲಿ ಊದುತ್ತಿದ್ದಳು. "ಅತ್ತಿ ನಿಮ್ಮನ್ನ ನಂಬತಾರ."

"ನಿನಗ ಹ್ಯಾಂಗ ಗೊತ್ತು?"

"ಗೊತ್ತು. ಅಷ್ಟ."

"ಮಾವ ಹ್ಯಾಂಗ ಸತ್ತಾ ನಿನಗ ಗೊತ್ತಿಲ್ಲ. ಸುಮ್ಮನಿರು."

ಅವಳು ಮತ್ತೆ ಫ್ರಿಜ್ಜಿಗೆ ಹೋಗುತ್ತಿದ್ದಳು.

ಜನವರಿಯ ಕೊನೆಯ ವಾರ ಮಾರೀನಳ ಎದುರು ಕೂತೆ. ತೂಕದ ಯಂತ್ರದ ಮೇಲೆ ನಿಂತೆ. ಅವಳು ಅಂಕಿ ನೋಡಿದಳು, ನನ್ನನ್ನು ಇಳಿಸಿದಳು, ಯಂತ್ರವನ್ನು ತಟ್ಟಿದಳು, ಮತ್ತೆ ಹತ್ತಿಸಿದಳು. ಎಂಬತ್ತಾರು. ರಕ್ತದ ಅಂಕಿಯೂ ಮೇಲೆ, ಸ್ಕ್ಯಾನಿನ ಅಂಕಿಯೂ ಮೇಲೆ.

"ಏನು ತಿನ್ನುತ್ತಿದ್ದೀರಿ?"

ಸುಳ್ಳು ಹೇಳಿ ಹೇಳಿ ಸುಸ್ತಾಗಿತ್ತು. ಇದ್ದದ್ದನ್ನು ಹೇಳಿದೆ. ಸಾಬೂದಾಣಿ, ಶೇಂಗಾ, ಆಲೂಗಡ್ಡೆ, ಗೆಣಸು, ತುಪ್ಪ, ಬಾಳೆಹಣ್ಣು, ಖರ್ಜೂರ, ಪೇಡೆ, ಸಕ್ಕರೆ ಹಾಕಿದ ಹಾಲು.

"ದಿನಾ?"

"ದಿನಾ."

"ಯಾಕೆ?"

"ಉಪವಾಸ ಮಾಡುತ್ತಿದ್ದೇನೆ."

ಮಾರೀನ್ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಆಮೇಲೆ ನಿಧಾನವಾಗಿ, ಲಿವರ್ ಗಟ್ಟಿಯಾಗಲು ಶುರುವಾಗಿದೆ, ಬೇಸಿಗೆಯೊಳಗೆ ಇಳಿಯದಿದ್ದರೆ ಆಸ್ಪತ್ರೆಯ ತಜ್ಞರ ಬಳಿ ಕಳಿಸುತ್ತೇನೆ ಎಂದಳು. ಈ ಸಲವೂ 'ಲವ್' ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾವನ ಕೊನೆಯ ದಿನಗಳ ಹಳದಿ ಮುಖ ನೆನಪಾಗಿ ಕಣ್ಣು ಮಂಜಾಯಿತು. ಅವನು ಕುಡಿದು ಹೋದ. ನಾನು ಸೀಕರಣಿ ತಿಂದು ಹೋಗುತ್ತೇನೆಯೇ?

ಮನೆಗೆ ಬಂದರೆ ಮೇಜಿನ ಮೇಲೆ ಗುಡ್ಡ ಸಿದ್ಧವಾಗಿತ್ತು. ಅವ್ವ ತುಪ್ಪದ ಮಿಳ್ಳೆ ಎತ್ತಿದಳು. ನನ್ನ ಕೈ ತಾನಾಗಿ ತಟ್ಟೆಯ ಮೇಲೆ ಅಡ್ಡ ಹೋಯಿತು.

"ಬ್ಯಾಡವ್ವಾ."

"ಯಾಕ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದ ಹದಿನಾರರ ಪ್ರೇರಣಾ, ಕನ್ನಡವೆಲ್ಲ ಅರ್ಥವಾದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಡುವವಳು, ತಲೆಯೆತ್ತದೆ ಹೇಳಿಬಿಟ್ಟಳು: "ಓ ಫಾರ್ ಗಾಡ್ಸ್ ಸೇಕ್, ಅಜ್ಜಿ. ಡ್ಯಾಡ್ ಹ್ಯಾಸ್ ಗಾಟ್ ಫ್ಯಾಟಿ ಲಿವರ್."

(ಅವಳಿಂದ ಆಣೆ ಮಾಡಿಸಿಕೊಳ್ಳುವುದನ್ನು ನಾನು ಮರೆತಿದ್ದೆ.)

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಸಾಲಿನ ಕೊನೆಯ ಎರಡು ಪದ ಕೇಳಿದ್ದೇ ತುಪ್ಪದ ಮಿಳ್ಳೆ ಗಾಳಿಯಲ್ಲೇ ನಿಂತಿತು.

"ಫ್ಯಾಟಿ ಲಿವರ?"

"ನಾ ಕುಡದಿಲ್ಲವ್ವಾ!" ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಲಿಂಗದಾಣಿ. ಒಂದು ಹನಿ ಮುಟ್ಟಿಲ್ಲ. ಇದು ಕುಡೀಲಾರದವರಿಗೂ ಬರ್ತೈತಿ, ಸಕ್ಕರಿಂದ, ಕುಂತಲ್ಲೇ ಕುಂದ್ರೂದರಿಂದ..."

"ಯಾವ ಗ್ರೇಡು?" ಎಂದಳು ಅವ್ವ.

ನಾನು ಕೊರಳಿನ ಲಿಂಗ ಅಂಗೈಯಲ್ಲಿ ಹಿಡಿದೆ.

"ಯಾವ ಗ್ರೇಡು ಅಂತ ಕೇಳಿದೆ. ಒಂದೋ, ಎರಡೋ?"

ಉತ್ತರಕ್ಕೆ ಕಾಯದೆ ಅವ್ವ ಮೇಲೆ ಹೋಗಿ ಸೀರೆಯಲ್ಲಿ ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಫೈಲೊಂದನ್ನು ತಂದು ಖಿಚಡಿಯ ಪಕ್ಕಕ್ಕೆ ಇಟ್ಟಳು. ಗದಗಿನ ಡಾಕ್ಟರರ ಕಾಗದಗಳು. ಎಂಟು ವರ್ಷದ ಹಿಂದಿನ ಸ್ಕ್ಯಾನಿನಲ್ಲಿ ಗ್ರೇಡ್ ಎರಡು. ನಾಲ್ಕು ವರ್ಷದ ಹಿಂದಿನದರಲ್ಲಿ ಒಂದು. ಹೋದ ವರ್ಷದ್ದರಲ್ಲಿ ಏನೂ ಇಲ್ಲ.

"ರೊಟ್ಟಿ, ಸೊಪ್ಪು, ಅಡ್ಡಾಡೂದು. ಡಾಕ್ಟರ ಅಷ್ಟ ಹೇಳಿದ್ರು. ಅಷ್ಟ ಮಾಡಿದ್ನಿ. ಹೋತು."

"ನನಗ್ಯಾಕ ಹೇಳಲಿಲ್ಲ?"

ಅವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮಣ್ಣ ಹಂಗ ಸತ್ತಾನ. ತಂಗಿಗೂ ಲಿವರ್ ಅಂದ್ರ ನೀ ಏನ ತಿಳ್ಕೋತಿಯೋ ಅಂತ ಅಂಜಿದ್ನಿ."

"ಅವ್ವಾ! ನೀ ಕುಡೀತಿ ಅಂತ ನಾ ಅನ್ಕೋತಿದ್ನೇನು?"

"ಮತ್ತ ನಾ ನಿನಗ ಹಂಗ ಅಂತಿದ್ನೇನು? ಲಿಂಗಾ ಮುಟ್ಟಿ ಹೇಳಿದಿ. ನಿನ್ನ ನಂಬಲಿಲ್ಲಂದ್ರ ಇನ್ಯಾರನ್ನ ನಂಬಲಿ, ಹುಚ್ಚಪ್ಪಾ?"

ಇದನ್ನು ಕೇಳಲು ನಾಲ್ಕು ತಿಂಗಳು, ಐದು ಕಿಲೋ! ಅಷ್ಟರಲ್ಲೇ ಇನ್ನೊಂದು ವಿಷಯ ಹೊಳೆದು ಸಿಟ್ಟು ನೆತ್ತಿಗೇರಿತು. ಶಕುಂತಲಾ ಕಡೆ ತಿರುಗಿದೆ.

"ಇನ್ನೊಂದು ಆಣೀನ ಅಂದಿದ್ದಿ. ನಿನಗ ಗೊತ್ತಿತ್ತು!"

"ಎಂಟು ವರ್ಷದಿಂದ ಗೊತ್ತೈತಿ" ಎಂದಳು ಆ ಮಹಾಸಾಧ್ವಿ, ಫ್ರಿಜ್ಜಿನ ಆಸರೆ ಬಿಟ್ಟು ಬಹಿರಂಗವಾಗಿಯೇ ನಗುತ್ತ. "ಅತ್ತಿ ಆಣಿ ಮಾಡಿಸ್ಕೊಂಡಿದ್ರು, ಮಗಗ ಹೇಳಬ್ಯಾಡ ಅಂತ. ನೀವು ಆಣಿ ಮಾಡಿಸ್ಕೊಂಡ್ರಿ, ಅವ್ವಗ ಹೇಳಬ್ಯಾಡ ಅಂತ. ನಾ ಏನ ಮಾಡಲಿ? ನಾಕು ತಿಂಗಳು ಹೇಳ್ರಿ, ಹೇಳ್ರಿ ಅಂತ ಬಡಕೊಂಡೆ."

"ನೀನರ ಅವ್ವಾ, ಲಿವರ್ ಬ್ಯಾನಿ ಗೊತ್ತಿದ್ದೂ ನನಗ ತುಪ್ಪಾ ಸುರದ್ಯಲ್ಲ!"

"ನೀ ವ್ರತ ಅಂದಿ. ವ್ರತ ಹಿಡದವನಿಗೆ ರೊಟ್ಟಿ ಹಾಕಿ ಪಾಪ ಕಟ್ಕೊಳ್ಳೇನು?" ಅವ್ವ ಖಿಚಡಿಯ ತಟ್ಟೆಯನ್ನು ನನ್ನ ಮುಂದಿನಿಂದ ಎಳೆದುಕೊಂಡಳು. "ನಿನ್ನ ಹೊಟ್ಟಿ ನೋಡಿ ನನಗ ದಿನಾ ಸಂಕಟ ಆಗ್ತಿತ್ತು. ಶಿವಾ, ಇವನ ವ್ರತ ಲಗೂನ ಮುಗಸಪ್ಪಾ ಅಂತ ಬೇಡ್ಕೋತಿದ್ನಿ."

ಮರುದಿನ ಬೆಳಗ್ಗೆ ಏಳಕ್ಕೆ ನನ್ನ ಹೊದಿಕೆ ಎಳೆಯಲಾಯಿತು. ಬಿಸಿಲಿನ ಮಾತೇ ಇಲ್ಲ. ಆಲಿಕಲ್ಲಿನಂಥ ಮಳೆಯಲ್ಲಿ ಮಂಗನ ಟೋಪಿಯ ಎಪ್ಪತ್ತಾರರ ಮುದುಕಿ ಮುಂದೆ, ಏದುಸಿರು ಬಿಡುವ ಐವತ್ತೆರಡರ ಸ್ವಾಮಿಗಳು ಹಿಂದೆ. ಕೆರೆಯ ಬಾತುಕೋಳಿಗಳು ಸಹ ನಮ್ಮನ್ನು ನೋಡಿ ದಾರಿ ಬಿಟ್ಟವು. ಮೂರು ವಾರದಲ್ಲಿ ಎರಡೂವರೆ ಕಿಲೋ ಇಳಿಯಿತು. ಫೋನಿನಲ್ಲಿ ಹೇಳಿದಾಗ ಮಾರೀನ್ ಮತ್ತೆ 'ಲವ್' ಎಂದಳು.

ಅಷ್ಟರಲ್ಲಿ ಶಿವರಾತ್ರಿ ಬಂತು. ಲೀಡ್ಸ್‌ನ ಕನ್ನಡದವರೆಲ್ಲ ಸೇರಿ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಸಂಜೆ ಪೂಜೆ, ಆಮೇಲೆ ಫಲಾಹಾರ. ಎಲ್ಲರ ಕಾಗದದ ತಟ್ಟೆಗಳಲ್ಲಿ ಸಾಬೂದಾಣಿ ಖಿಚಡಿ, ಗೆಣಸು, ಸೀಕರಣಿ. ಐದು ತಿಂಗಳ ವ್ರತದ ಮಹಾಪುರುಷನೆಂದು ನನ್ನನ್ನು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂಡಿಸಿದ್ದರು. ಒಂದೇ ಒಂದು ಚಮಚ, ವರ್ಷಕ್ಕೊಮ್ಮೆ ಬರುವ ನಿಜವಾದ ಉಪವಾಸ ಎಂದು ನಾನು ತಟ್ಟೆಗೆ ಕೈಚಾಚಿದೆ. ಅವ್ವ ನನ್ನ ಕೈ ಸರಿಸಿ, ತನ್ನ ಚೀಲದಿಂದ ಬಟ್ಟೆಯ ಗಂಟು ತೆಗೆದು, ಎಲ್ಲರ ಕಣ್ಣೆದುರು ಎರಡು ಜೋಳದ ರೊಟ್ಟಿ, ಮೆಂತೆ ಪಲ್ಯ, ನಾಲ್ಕು ಹೋಳು ಸೌತೆಕಾಯಿ ನನ್ನ ಮುಂದಿಟ್ಟಳು.

"ಅವ್ವಾ, ಶಿವರಾತ್ರಿ!"

"ನಿಂದು ಶಿವರಾತ್ರಿ ನಾಕು ತಿಂಗಳು ದಿನಾ ಆಗೇತಿ. ತಿನ್ನು."

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ರಾಜಶೇಖರ ಬಾಗಿ ಕೇಳಿದ, "ಏನ್ರಿ ಸ್ವಾಮಿಗಳ, ಇವತ್ತಿನ ದಿನಾನ ರೊಟ್ಟಿ? ಆರಾಮ ಅದೀರಿಲ್ಲೋ?"

ನಾನು ಹೊಸ ಸುಳ್ಳೊಂದನ್ನು ಜೋಡಿಸುತ್ತಿದ್ದೆ. ಅವ್ವ ಮೈಕಿನ ಅಗತ್ಯವಿಲ್ಲದ ಗಂಟಲಿನಲ್ಲಿ ಹೇಳಿದಳು, "ಇವನ ಲಿವರ್‌ದಾಗ ಕೊಬ್ಬು ಕಟ್ಟೇತಿ. ಕುಡದಿಲ್ಲ, ನನ್ನ ಮಗಾ ಕುಡಿಯಂಗಿಲ್ಲ. ನನಗೂ ಇತ್ತು. ರೊಟ್ಟಿ ತಿಂದು ಅಡ್ಡಾಡಿ ಹೋಗಲಾಡಿಸೀನಿ."

ಮುಗಿಯಿತು ನನ್ನ ಕತೆ ಎಂದುಕೊಂಡು ತಲೆ ತಗ್ಗಿಸಿ ರೊಟ್ಟಿ ಅಗಿಯತೊಡಗಿದೆ. ಯಾರೋ ಕುರ್ಚಿ ಎಳೆದ ಸದ್ದು. ನೋಡಿದರೆ ರಾಜಶೇಖರ. ತನ್ನ ಸೀಕರಣಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು ಅವ್ವನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ, "ಅವ್ವಾರ, ನಂದು ಗ್ರೇಡ್ ಒಂದು. ಎರಡು ವರ್ಷ ಆತು. ಯಾರಿಗೂ ಹೇಳಿಲ್ರಿ" ಎಂದ. ಅವನ ಹಿಂದೆ ಇನ್ನಿಬ್ಬರು ತಟ್ಟೆ ಹಿಡಿದು ನಿಂತಿದ್ದರು. ನಾನು ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ಅವ್ವನ ಸುತ್ತ ಹನ್ನೊಂದು ಜನ. ನನಗೆ ಪೇಡೆ ತಂದುಕೊಟ್ಟವರು, ಖರ್ಜೂರ ತಂದವರು, ಮಕ್ಕಳನ್ನು ಕಾಲಿಗೆ ಬೀಳಿಸಿದವರು, ಎಲ್ಲರೂ! ಒಬ್ಬರೂ ಕುಡಿಯುವವರಲ್ಲ, ಒಬ್ಬರೂ ಬಾಯಿಬಿಟ್ಟವರಲ್ಲ. ಆದರೆ ಅವರೆಲ್ಲ ಸುಮ್ಮನೆ ಮುಚ್ಚಿಟ್ಟಿದ್ದರು. ತುಪ್ಪ ಸುರಿದುಕೊಂಡು ಮುಚ್ಚಿಟ್ಟವನು ನಾನೊಬ್ಬನೇ.

"ಅವ್ವಾರ, ಏನ ತಿನ್ನಬೇಕು, ಏನ ಬಿಡಬೇಕು, ಎಲ್ಲಾ ಹೇಳ್ರಿ" ಎಂದು ರಾಜಶೇಖರ ಜೇಬಿನಿಂದ ಪೆನ್ನು ತೆಗೆದ.

"ಏನ ತಿನ್ನಬೇಕು ಅನ್ನೂದು ನಾ ಹೇಳತೀನಿ" ಎಂದಳು ಅವ್ವ. ಆಮೇಲೆ ತುಂಬಿದ ಸಭೆಯಲ್ಲಿ, ಬಾಯಿತುಂಬ ರೊಟ್ಟಿ ತುಂಬಿಕೊಂಡು ಕೂತಿದ್ದ ನನ್ನ ಕಡೆ ಕೈ ತೋರಿಸಿದಳು. "ಏನ ತಿನ್ನಬಾರದು ಅನ್ನೂದು ಇವನ್ನ ಕೇಳ್ರಿ. ನಾಕು ತಿಂಗಳು ಬರೇ ಅದನ್ನ ತಿಂದಾನ."

ಹನ್ನೊಂದೂ ಜನ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು.